ಇಪ್ಪತ್ನಾಲ್ಕು ಜಿಬಿ ಉಳಿತಾಯ

೧೩ ಜುಲೈ ೨೦೦೮, ಭಾನುವಾರ

ಬೆಳಿಗ್ಗೆ ಬ್ಲಡ್ ಬ್ಯಾಂಕಿಗೆ ಹೋಗಿ ಫ್ರಿಜ್ ನೋಡಿ ಬಂದೆ. ನಾಲ್ಕು ಡಿಗ್ರಿ. ಸರಿ ಇದೆ. ಹದಿನಾರು ವರ್ಷದಿಂದ ಭಾನುವಾರವೂ ಹೋಗಿ ನೋಡದಿದ್ದರೆ ಸಮಾಧಾನವಿಲ್ಲ. ಟೆಕ್ನಿಶಿಯನ್ ಬುದ್ಧಿ.

ಉಳಿದ ದಿನವೆಲ್ಲ ಹೊಸ ಲ್ಯಾಪ್‌ಟಾಪ್ ಮುಂದೆ. ನಮ್ಮ ರಕ್ತದಾನಿಗಳ ಬಳಗದವರು ಹನ್ನೊಂದು ಜನ ಸೇರಿ ತಂದದ್ದು. ಮನೆಯ ಹಳೇ ಕಂಪ್ಯೂಟರನ್ನು ಎಕ್ಸ್‌ಚೇಂಜಿಗೆ ಕೊಟ್ಟಾಯಿತು. ಅದರಲ್ಲಿದ್ದ ದಾನಿಗಳ ಪಟ್ಟಿ ಇದಕ್ಕೆ ಬಂದಿದೆ. ೬೪೩ ಹೆಸರು — ಊರು, ಬ್ಲಡ್ ಗ್ರೂಪ್, ಫೋನ್. ನಮ್ಮ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ತಾಲೂಕು. ಅರ್ಧಕ್ಕಿಂತ ಹೆಚ್ಚು ಹೆಸರು ದುರುಗೇಶಣ್ಣ ತಂದವು. ಹಾವೇರಿ ರೂಟಿನ ಬಸ್ ಕಂಡಕ್ಟರ್. ಪ್ರಯಾಣಿಕರಿಗೆ ಟಿಕೆಟ್ ಹರಿದುಕೊಡುತ್ತ ‘ನಿಮ್ಮ ಗ್ರೂಪ್ ಯಾವುದರಿ?’ ಎಂದು ಕೇಳುವ ಮನುಷ್ಯ. ಚೀಟಿಯ ಮೇಲೆ ಬರೆದು ತಂದುಕೊಡುತ್ತಾನೆ, ನಾನು ಟೈಪ್ ಮಾಡುತ್ತೇನೆ. ಮೂರು ವರ್ಷದಿಂದ ಹೀಗೇ.

ಒಂದೇ ಬೇಜಾರು. ಎಂಬತ್ತು ಜಿಬಿ ಅಂತ ಡಬ್ಬದ ಮೇಲೆ ಇದೆ. ಒಳಗೆ ತೋರಿಸುವುದು ಎಪ್ಪತ್ನಾಲ್ಕು. ಅದರಲ್ಲೂ ಹತ್ತು ಜಿಬಿ ‘ರಿಕವರಿ’ ಅಂತ ಬೇರೆ ಮಾಡಿ ಇಟ್ಟಿದ್ದಾರೆ, ಮುಟ್ಟುವ ಹಾಗಿಲ್ಲ. ಉಳಿದದ್ದರಲ್ಲಿ ವಿಂಡೋಸ್ ವಿಸ್ತಾ ಮತ್ತು ಯಾವ್ಯಾವುದೋ ಟ್ರಯಲ್ ಸಾಫ್ಟ್‌ವೇರ್ ಸೇರಿ ಹದಿನೆಂಟು ಜಿಬಿ. ನಾನು ಒಂದು ಫೋಟೋ ಹಾಕುವ ಮೊದಲೇ ಇಪ್ಪತ್ತೆಂಟು ಜಿಬಿ ಹೋಯಿತು!

೧೭ ಜುಲೈ, ಗುರುವಾರ

ಡಿಸ್ಕ್ ಲೆಕ್ಕವೇ ತಲೆಯಲ್ಲಿ. ಕ್ಯಾಂಪಿನ ಫೋಟೋ, ಹ್ಯಾಂಡಿಕ್ಯಾಮ್ ವಿಡಿಯೋ ಎಲ್ಲ ಹಾಕಬೇಕು ಎಂದು ನನ್ನ ಯೋಜನೆ. ಹಾಕಿದರೆ ತುಂಬುತ್ತದೆಯೇ? ಈಗಲೇ ತುಂಬುವುದಿಲ್ಲ. ಆದರೂ ಬಳಸದ ಸಾಮಾನು ಜಾಗ ತಿನ್ನುತ್ತಿದೆ ಎಂದು ಗೊತ್ತಾದ ಮೇಲೆ ನನಗೆ ಸುಮ್ಮನೆ ಕೂರಲು ಆಗುವುದಿಲ್ಲ. ಮೊದಲಿನಿಂದಲೂ ಹಾಗೆ.

ಅಂಗಡಿಯವನಿಗೆ ಫೋನ್ ಮಾಡಿದೆ. ವಿಸ್ತಾ ತೆಗೆದು ಹಳೇ ಎಕ್ಸ್‌ಪಿ ಹಾಕಿದರೆ ವಾರಂಟಿ ಕೇಳಬೇಡಿ ಎಂದ.

ಸಂಜೆ ದುರುಗೇಶಣ್ಣ ಚೀಟಿ ಕೊಡಲು ಬಂದಿದ್ದ. ಚಹಾ ಕುಡಿಯುತ್ತ ಎಲ್ಲ ಹೇಳಿದೆ. ಆ ರಿಕವರಿ ಅಂದರೆ ಏನು ಅಂದ. ಮಷೀನು ಕೆಟ್ಟರೆ ಮೊದಲಿನ ಹಾಗೆ ಮಾಡಿಕೊಳ್ಳಲು ಇಟ್ಟದ್ದು ಅಂದೆ. ಕಪ್ಪು ಕೆಳಗಿಟ್ಟ.

“ಅಲ್ರಿ ಸರ, ಜಾಗಾ ತಿಂತೈತಿ ಅಂತ ಸ್ಟೆಪ್ನಿ ಇಳಿಸಿ ಬಸ್ ಬಿಡ್ತಾರೇನು? ಹೊಸಾದು ಐತಿ. ಇದ್ದಂಗ ಇರ್ಲಿ ಬಿಡ್ರಿ.”

ನಕ್ಕೆ. ಬಸ್ಸು ಬೇರೆ, ಕಂಪ್ಯೂಟರ್ ಬೇರೆ ದುರುಗೇಶಣ್ಣ ಅಂದೆ. ಅವನೂ ನಕ್ಕ.

೨೦ ಜುಲೈ, ಭಾನುವಾರ

ಹಾವೇರಿಗೆ ಹೋಗಿದ್ದೆ, ತಿರಕಪ್ಪನ ಅಂಗಡಿಗೆ. ಕಂಪ್ಯೂಟರ್ ರಿಪೇರಿಯಲ್ಲಿ ಕೈ ಪಳಗಿದವನು, ದುರುಗೇಶಣ್ಣನ ಪರಿಚಯದವನು. ಅವನ ಪ್ರಕಾರ ಒಂದು ಜಿಬಿ ರ‍್ಯಾಮಿಗೆ ವಿಸ್ತಾ ಭಾರ, ಎಕ್ಸ್‌ಪಿ ಹಾಕಿದರೆ ಗಾಳಿಯಂತೆ ಓಡುತ್ತದೆ. ಆದರೆ ಎರಡು ಮಾತು ಹೇಳಿದ. ಮೊದಲು ರಿಕವರಿಯನ್ನು ಡಿವಿಡಿಗೆ ಹಾಕಿಕೊಳ್ಳಿ. ಆಮೇಲೆ, ಇರುವ ಫೈಲುಗಳನ್ನು ಎರಡು ಕಡೆ ಕಾಪಿ ಮಾಡಿ, ತೆರೆದು ನೋಡಿ, ಆಮೇಲೆ ಅಳಿಸಿ. ಇಲ್ಲೇ ತಂದು ಬಿಟ್ಟರೆ ತಾನೇ ಮಾಡಿಕೊಡುತ್ತೇನೆ ಅಂದ. ಒಂದು ವಾರ ಬಿಡಬೇಕಂತೆ. ಬೇಡ ಅಂದೆ. ಎಕ್ಸ್‌ಪಿ ಸಿಡಿ ಇಸಿದುಕೊಂಡು ಬಂದೆ.

ತೆರೆದು ನೋಡಿ ಎಂಬುದನ್ನು ಅವನು ಎರಡು ಸಲ ಹೇಳಿದ್ದ. ಇಲ್ಲಿ ಬರೆಯುತ್ತಿದ್ದೇನೆ, ಮರೆಯದಿರಲಿ ಎಂದು.

೨೪ ಜುಲೈ, ಗುರುವಾರ

ಇನ್ನೂ ತೀರ್ಮಾನವಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಪುಷ್ಪಲತಾ ಕೇಳಿದಳು, ಆ ದಾನಿಗಳ ಪಟ್ಟಿ ಎಷ್ಟು ಜಾಗ ತಿನ್ನುತ್ತದೆ ಎಂದು. ಎದ್ದು ಹೋಗಿ ನೋಡಿದೆ. ಮುನ್ನೂರು ಕೆಬಿ ಚಿಲ್ಲರೆ. ಅಂದರೆ ಒಂದು ಫೋಟೋದಷ್ಟೂ ಇಲ್ಲ.

“ಮತ್ಯಾಕ್ರೀ ಇಷ್ಟ್ ತಲಿ ಕೆಡಿಸ್ಕೊಂಡೀರಿ? ಯಾರೂ ಬರೂದಿಲ್ಲ, ಹೋಗೂದಿಲ್ಲ, ಖೋಲಿ ಖಾಲಿ ಮಾಡಾಕ ಕುಂತೀರಿ.”

ನಿಜ ಹೇಳಬೇಕೆಂದರೆ ಜಾಗಕ್ಕಿಂತ ಹೆಚ್ಚು, ನನಗೆ ಅದನ್ನು ಮಾಡಲು ಬರುತ್ತದೆ ಎಂದು ನೋಡಬೇಕಾಗಿದೆ. ಬಳಗದಲ್ಲಿ ಎಲ್ಲರೂ ‘ಶಂಭುಲಿಂಗ ಸರ್‌ಗೆ ಕಂಪ್ಯೂಟರ್ ಗೊತ್ತೈತಿ’ ಅನ್ನುತ್ತಾರೆ. ಅದು ಕೇಳಲು ಹಿತ.

೨೭ ಜುಲೈ, ಭಾನುವಾರ. ಸಂಜೆ ಆರು

ಮುಗಿಯಿತು!

ಬೆಳಿಗ್ಗೆ ಹತ್ತಕ್ಕೆ ಕೂತವನು. ಡೆಸ್ಕ್‌ಟಾಪಿನ ಮೇಲಿದ್ದದ್ದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡೆ. ದಾನಿಗಳ ಫೈಲನ್ನು ಎಲ್ಲಕ್ಕಿಂತ ಮೊದಲು. ರಿಕವರಿ ಡಿವಿಡಿ ಮಾಡಲು ಹೋದರೆ ಮೂರು ಡಿವಿಡಿ ಕೇಳಿತು, ಮನೆಯಲ್ಲಿದ್ದದ್ದು ಒಂದು. ಭಾನುವಾರ, ಇಲ್ಲಿ ಅಂಗಡಿ ಬಂದ್. ಬಿಟ್ಟೆ. ರಿಕವರಿಯೂ ಸೇರಿ ಎಲ್ಲ ಪಾರ್ಟಿಷನ್ ಅಳಿಸಿ ಒಂದೇ ಮಾಡಿ ಫಾರ್ಮ್ಯಾಟ್ ಕೊಟ್ಟೆ. ಹಳದಿ ಪಟ್ಟಿ ನಿಧಾನವಾಗಿ ತುಂಬುವುದನ್ನು ನೋಡುತ್ತ ಕೂತಿದ್ದೆ.

ಸೌಂಡ್ ಬರುತ್ತಿಲ್ಲ. ವೈ-ಫೈ ಇಲ್ಲ — ಅದು ನಮಗೆ ಮೊದಲೂ ಇರಲಿಲ್ಲ. ಡ್ರೈವರ್ ಹುಡುಕಬೇಕು. ಆದರೆ ಖಾಲಿ ಜಾಗ: ಎಪ್ಪತ್ತು ಜಿಬಿ. ಮೊದಲು ನಲವತ್ತಾರು ಇತ್ತು. ಇಪ್ಪತ್ನಾಲ್ಕು ಜಿಬಿ ಉಳಿತಾಯ. ಪುಷ್ಪಲತಾಳನ್ನು ಕರೆದು ತೋರಿಸಿದೆ. ನೋಡಿ, ಹೂಂ ಅಂದು ಒಳಗೆ ಹೋದಳು.

೩೦ ಜುಲೈ, ಬುಧವಾರ

ಫೈಲ್ ಇಲ್ಲ.

ದುರುಗೇಶಣ್ಣನ ಹೊಸ ಚೀಟಿ ಟೈಪ್ ಮಾಡಲು ಪೆನ್‌ಡ್ರೈವ್ ಹಾಕಿದೆ. ‘ಡೋನರ್ಸ್’ ಇತ್ತು. ತೆರೆಯಲಿಲ್ಲ. ಸೈಜ್ ನೋಡಿದೆ — ಒಂದು ಕೆಬಿ. ಐಕಾನಿನ ಮೂಲೆಯಲ್ಲಿ ಚಿಕ್ಕ ಬಾಣದ ಗುರುತು. ನಾನು ಕಾಪಿ ಮಾಡಿಕೊಂಡದ್ದು ಫೈಲನ್ನಲ್ಲ, ಫೈಲಿಗೆ ಹೋಗುವ ದಾರಿಯನ್ನು. ಶಾರ್ಟ್‌ಕಟ್. ಫೈಲು ಸಿ ಡ್ರೈವಿನಲ್ಲಿತ್ತು. ಆ ಸಿ ಡ್ರೈವನ್ನು ನಾನೇ…

ತೆರೆದು ನೋಡಲಿಲ್ಲ. ಒಂದು ಸಲ ಡಬಲ್ ಕ್ಲಿಕ್ ಮಾಡಿದ್ದರೆ ಸಾಕಿತ್ತು.

ಹಳೇ ಕಂಪ್ಯೂಟರ್ ಕೊಟ್ಟ ಅಂಗಡಿಗೆ ಓಡಿದೆ. ಅದನ್ನು ಅಂದೇ ಫಾರ್ಮ್ಯಾಟ್ ಮಾಡಿ ಯಾರಿಗೋ ಮಾರಿದ್ದಾರೆ. ಚೀಟಿಗಳು? ಟೈಪ್ ಆದ ಕೂಡಲೇ ಹರಿದು ಹಾಕುತ್ತಿದ್ದೆ. ಉಳಿದದ್ದು ಒಂದೇ, ೨೦೦೫ರವರೆಗೆ ಕೈಯಲ್ಲಿ ಬರೆದ ಲಾಂಗ್ ನೋಟ್‌ಬುಕ್. ಅದರಲ್ಲಿ ೨೧೨ ಹೆಸರು. ಬ್ಯಾಂಕಿನ ರಿಜಿಸ್ಟರಿನಲ್ಲಿ ಇರುವುದು ಅಲ್ಲಿಗೇ ಬಂದು ರಕ್ತ ಕೊಟ್ಟವರ ಹೆಸರು ಮಾತ್ರ. ಹಳ್ಳಿ ಕ್ಯಾಂಪಿನಲ್ಲಿ ಗ್ರೂಪ್ ಪರೀಕ್ಷೆ ಮಾಡಿಸಿ, ‘ಬೇಕಾದಾಗ ಕರೀರಿ’ ಎಂದು ಹೋದವರ ಹೆಸರು ಎಲ್ಲೂ ಇಲ್ಲ.

೩ ಆಗಸ್ಟ್, ಭಾನುವಾರ

ಹಾವೇರಿ. ತಿರಕಪ್ಪ ನಾಲ್ಕು ತಾಸು ಏನೇನೋ ಸಾಫ್ಟ್‌ವೇರ್ ಓಡಿಸಿದ. ಅಳಿಸಿದ ಜಾಗದ ಮೇಲೆ ಎಕ್ಸ್‌ಪಿ ಕೂತಿದೆ, ಅದರ ಮೇಲೆ ನಾನು ಮೂರು ದಿನ ಕ್ಯಾಂಪಿನ ವಿಡಿಯೋ ಸುರಿದಿದ್ದೇನೆ. ಒಂದು ಫೈಲ್ ಸಿಕ್ಕಿತು, ತೆರೆದರೆ ಚೌಕ ಚೌಕ ಅಕ್ಷರ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದುರುಗೇಶಣ್ಣನಿಗೆ ಹೇಳಿದಿರೇನು ಎಂದು ಕೇಳಿದ. ಹೇಳುತ್ತೇನೆ ಅಂದೆ.

೬ ಆಗಸ್ಟ್, ಬುಧವಾರ

ಹೇಳಲಿಲ್ಲ. ಇಂದು ಬಂದಿದ್ದ. ಹದಿನಾಲ್ಕು ಹೊಸ ಹೆಸರು, ಐರಣಿ ಹಳ್ಳಿಯವು. ಪಟ್ಟಿಯ ಒಂದು ಪ್ರಿಂಟ್ ಕೊಡಿ, ಬಸ್ಸಿನಲ್ಲಿ ಇಟ್ಟುಕೊಂಡಿರುತ್ತೇನೆ ಅಂದ. ಪ್ರಿಂಟರಿನ ಇಂಕ್ ಮುಗಿದಿದೆ ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ!

ಸ್ಟೆಪ್ನಿ ಮಾತು ಕೇಳಿ ನಕ್ಕಿದ್ದೆನಲ್ಲ. ಈಗ ಅವನು ನನ್ನನ್ನು ನೋಡಿ ನಗುವುದಿಲ್ಲ, ಗೊತ್ತು. ಆದರೂ ಆ ಮುಖವನ್ನು ನೋಡಿ ಹೇಳುವುದು ಹೇಗೆ. ಮೊದಲು ಲಾಂಗ್ ನೋಟ್‌ಬುಕ್ಕಿನಿಂದ ೨೧೨ ಟೈಪ್ ಮಾಡುತ್ತೇನೆ. ನಿಧಾನವಾಗಿ ಉಳಿದವರನ್ನೂ ಹುಡುಕುತ್ತೇನೆ. ಒಂದಿಷ್ಟು ಆದ ಮೇಲೆ ಹೇಳಿದರಾಯಿತು.

೧೪ ಆಗಸ್ಟ್, ಗುರುವಾರ

೯೦ ಟೈಪ್ ಆಯಿತು. ದುರುಗೇಶಣ್ಣ ಮತ್ತೆ ಬಂದಿದ್ದ. ಇಂಕ್ ಬಂತೇನ್ರಿ ಅಂದ. ಇನ್ನೂ ಇಲ್ಲ ಅಂದೆ. ಬ್ಯಾಡಗಿಯಿಂದ ತಂದು ಕೊಡಲೇ ಅಂದ. ಬೇಡ ಅಂದೆ.

ಪುಷ್ಪಲತಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಾಳೆ. ಚಹಾದ ಕಪ್ಪು ಎತ್ತುವಾಗ ನನ್ನ ಕಡೆ ನೋಡಿದಳು.

೨೧ ಆಗಸ್ಟ್, ಗುರುವಾರ. ಸಂಜೆ ಏಳು

ಬರೆಯಬೇಕು. ಗಂಟೆ ಸಮೇತ ಬರೆಯಬೇಕು.

೧೧.೧೦. ಬ್ಯಾಡಗಿಯ ಒಂದು ನರ್ಸಿಂಗ್ ಹೋಮಿನಿಂದ ಫೋನ್. ಎರಡನೇ ಹೆರಿಗೆ, ಮಗು ಹುಟ್ಟಿದೆ, ತಾಯಿಗೆ ರಕ್ತ ನಿಲ್ಲುತ್ತಿಲ್ಲ. ಓ ನೆಗೆಟಿವ್. ಕನಿಷ್ಠ ಮೂರು ಬಾಟಲಿ. ದೊಡ್ಡ ಆಸ್ಪತ್ರೆಗೆ ಸಾಗಿಸುವ ಸ್ಥಿತಿಯಲ್ಲಿ ಇಲ್ಲ. ನಮ್ಮ ಫ್ರಿಜ್ಜಿನಲ್ಲಿ ಒಂದು ಇತ್ತು.

೧೨.೦೫. ಗಂಡ ಮೋಟರ್‌ಸೈಕಲ್ಲಿನಲ್ಲಿ ಸ್ಯಾಂಪಲ್ ತಂದ. ಸುನೀಲಕುಮಾರ. ಇಪ್ಪತ್ತೆಂಟು ಇರಬಹುದು, ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಶರ್ಟಿಗೆಲ್ಲ ಮಳೆಯ ಕೆಸರು. ಹೆಂಡತಿಯ ಹೆಸರು ನೀಲಾ. ಹೆಸರು ಹೇಳುವಾಗ ಅವನ ದನಿ ಸರಿಯಾಗಿಯೇ ಇತ್ತು. ಅವಳ ರಕ್ತಕ್ಕೆ ಹೊಂದುತ್ತದೆಯೇ ಎಂದು ಕ್ರಾಸ್ ಮ್ಯಾಚ್ ಮಾಡಿ, ಇದ್ದ ಒಂದನ್ನು ಅವನ ಜೊತೆ ಬಂದವನ ಕೈಯಲ್ಲಿ ಕಳಿಸಿದೆ. ಇನ್ನೆರಡಕ್ಕಾಗಿ ಸುನೀಲಕುಮಾರ ಇಲ್ಲೇ ಬೆಂಚಿನ ಮೇಲೆ ಕೂತ.

ಹೋದ ಪಟ್ಟಿಯಲ್ಲಿ ಓ ನೆಗೆಟಿವ್ ಒಂಬತ್ತು ಜನ ಇದ್ದರು. ಅದು ನನಗೆ ಪಕ್ಕಾ ನೆನಪಿದೆ, ಒಂಬತ್ತು. ಕೆಂಪು ಬಣ್ಣ ಹಾಕಿದ್ದೆ. ಹೆಸರು ನೆನಪಿಲ್ಲ. ನೋಟ್‌ಬುಕ್ಕಿನಲ್ಲಿ ಇಬ್ಬರು, ಬ್ಯಾಂಕಿನ ರಿಜಿಸ್ಟರಿನಲ್ಲೂ ಅವರೇ. ಒಬ್ಬರು ಎರಡು ವರ್ಷದ ಹಿಂದೆ ತೀರಿಕೊಂಡರು. ಇನ್ನೊಬ್ಬ ಕುಪ್ಪೇಲೂರಿನ ಮೈಲಾರೆಪ್ಪ. ಫೋನ್ ಎತ್ತಿದ. ಜೂನ್ ಮೂವತ್ತಕ್ಕೆ ನಮ್ಮಲ್ಲೇ ಕೊಟ್ಟಿದ್ದಾನೆ, ಎರಡು ತಿಂಗಳೂ ಆಗಿಲ್ಲ; ಮೂರಾದರೂ ಆಗಬೇಕು. ಆದರೂ ಬರ್ತೀನಿ ಅಂದ. ನಾನೇ ಬೇಡ ಅನ್ನಬೇಕಾಯಿತು.

ದಾವಣಗೆರೆಗೆ ಫೋನ್. ಇಲ್ಲ. ಹುಬ್ಬಳ್ಳಿಗೆ. ಒಂದು ಇದೆ, ಬಂದು ಒಯ್ಯಿರಿ. ಬ್ಯಾಡಗಿಯಿಂದ ನೀಲಾಳ ಅಣ್ಣ ಹೊರಟ. ಮೂರು ತಾಸಾದರೂ ಬೇಕು.

ದುರುಗೇಶಣ್ಣನಿಗೆ ಫೋನ್ — ಸ್ವಿಚ್ ಆಫ್. ಡ್ಯೂಟಿಯಲ್ಲಿದ್ದಾಗ ಆಫ್ ಮಾಡುತ್ತಾನೆ. ಮತ್ತೆ ಮಾಡಿದೆ. ಮತ್ತೆ. ೧.೩೦ ಆಯಿತು. ಬಳಗದ ಎಲ್ಲರಿಗೂ ಮಾಡಿದೆ. ಒಬ್ಬೊಬ್ಬರೂ ಅದೇ ಮಾತು: “ಪಟ್ಟಿ ನಿಮ್ಮ ಹತ್ರಾನ ಐತೆಲ್ಲರಿ ಸರ, ನೋಡ್ರಿ.”

ಬೆಂಚಿನ ಮೇಲಿದ್ದ ಸುನೀಲಕುಮಾರನಿಗೆ ಎಲ್ಲವೂ ಕೇಳಿಸುತ್ತಿತ್ತು. ಎದ್ದು ಬಂದು ಕೇಳಿದ, “ಪಟ್ಟಿನ್ಯಾಗ ಯಾರೂ ಇಲ್ಲೇನ್ರಿ ಸರ?” ಹುಡುಕುತ್ತಿದ್ದೇನೆ ಅಂದೆ. ಅದು ಸುಳ್ಳಲ್ಲ. ನಿಜವೂ ಅಲ್ಲ.

೨.೪೦. ಹಾವೇರಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಮೂಲಕ ದುರುಗೇಶಣ್ಣ ಸಿಕ್ಕ. ಫೋನಿನಲ್ಲೇ ನೀಲಾಳ ವಿಷಯ ಹೇಳಿದೆ. ಓ ನೆಗೆಟಿವ್ ಯಾರ್‍ಯಾರು ನೆನಪಿದ್ದಾರೆ ಅಂದೆ. ಪಟ್ಟಿ ಏನಾತು ಎಂದು ಅವನು ಕೇಳಲಿಲ್ಲ. ಒಂದು ಉಸಿರಿನಲ್ಲಿ ಐದು ಹೆಸರು ಹೇಳಿದ. ಮೊದಲನೆಯದು: “ಟೇಲರ್ ಶ್ರೀದೇವಿ. ನಿಮ್ಮ ರಾಣೆಬೆನ್ನೂರಾಗ, ಮೇಡ್ಲೇರಿ ರಸ್ತಾದಾಗ. ಹೋದ ವರ್ಷ ಸಾಲಿ ಕ್ಯಾಂಪಿನ್ಯಾಗ ಗ್ರೂಪ್ ಮಾಡಿಸ್ಯಾಳ. ಲಗೂ ಹೋಗ್ರಿ.”

ಮೇಡ್ಲೇರಿ ರಸ್ತೆ. ನಮ್ಮ ಬ್ಯಾಂಕಿನಿಂದ ನಡೆದರೆ ಎಂಟು ನಿಮಿಷ.

ಅವಳು ಅಂಗಡಿಯಲ್ಲೇ ಇದ್ದಳು. ಕೊರಳಲ್ಲಿ ಅಳತೆ ಟೇಪು. ವಿಷಯ ಹೇಳಿದ ಕೂಡಲೇ ಎದ್ದಳು, ಅಂಗಡಿ ಬಾಗಿಲನ್ನೂ ಹಾಕಲಿಲ್ಲ. ದಾರಿಯಲ್ಲಿ ನನ್ನ ಹಿಂದೆ ಬಿರಬಿರನೆ ನಡೆಯುತ್ತ ಅಂದಳು, “ಮುಂಜಾನಿಂದ ಅಂಗಡ್ಯಾಗ ಇದ್ದೆನಲ್ರಿ. ಒಂದು ಫೋನ್ ಮಾಡಿದ್ರ ಆಗ್ತಿತ್ತು.”

೩.೧೫ಕ್ಕೆ ರಕ್ತ ತೆಗೆದದ್ದು. ಪರೀಕ್ಷೆಗಳು ಮುಗಿಯುವ ಹೊತ್ತಿಗೆ ೪.೧೦. ಹುಬ್ಬಳ್ಳಿಗೆ ಹೋದವನು ಇನ್ನೂ ಬ್ಯಾಡಗಿ ಮುಟ್ಟಿರಲಿಲ್ಲ. ಬ್ಯಾಗಿನ ಲೇಬಲ್ ಬರೆಯುತ್ತಿದ್ದೆ. ಸುನೀಲಕುಮಾರನ ಫೋನ್ ರಿಂಗಾಯಿತು. ಕೇಳಿಸಿಕೊಂಡ, ಜೇಬಿಗೆ ಹಾಕಿದ. ಆಮೇಲೆ ನನ್ನನ್ನು ನೋಡಿ, “ಬ್ಯಾಡ್ರಿ ಸರ” ಅಂದ.

ಅಷ್ಟೇ. ಬ್ಯಾಡ್ರಿ ಸರ.

ಶ್ರೀದೇವಿ ಇನ್ನೂ ಹಾಸಿಗೆಯ ಮೇಲೆ ಮಲಗಿದ್ದಳು, ಕೈಯಲ್ಲಿ ಬಿಸ್ಕಿಟು. ಅವಳಿಗೆ ಹೇಗೆ ಹೇಳುವುದು ಎಂದು ತಿಳಿಯದೆ ಬ್ಯಾಗನ್ನು ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕಿದೆ.

೨೨ ಆಗಸ್ಟ್

ಮಗು ಚೆನ್ನಾಗಿದೆಯಂತೆ. ಹೆಣ್ಣು.

೪ ಸೆಪ್ಟೆಂಬರ್, ಗುರುವಾರ

ಸುನೀಲಕುಮಾರ ಬಂದಿದ್ದ.

ತಲೆ ಬೋಳಿಸಿಕೊಂಡಿದ್ದ. ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ ತಂದಿದ್ದ. ಬೆಂಚಿನ ಮೇಲಿಟ್ಟ.

“ಆವತ್ತು ನನಗ ಏನೂ ಮಾತಾಡಾಕ ಆಗಲಿಲ್ರಿ. ನೀವು ಊಟಾ ಬಿಟ್ಟು ಅಷ್ಟ್ ಓಡ್ಯಾಡಿದ್ರಿ. ನಮ್ಮ ಅತ್ತಿ ಅಂದ್ಲು, ಹೋಗಿ ಭೆಟ್ಟಿ ಆಗಿ ಬಾ ಅಂತ.”

ಡಾಕ್ಟರು ಅವನಿಗೆ ಹೇಳಿದರಂತೆ, ಮಧ್ಯಾಹ್ನದೊಳಗೆ ರಕ್ತ ಸಿಕ್ಕಿದ್ದರೂ ಉಳಿಯುತ್ತಿದ್ದಳು ಎಂದು ಖಾತ್ರಿ ಹೇಳಲು ಬರುವುದಿಲ್ಲ, ಉಳಿಯುತ್ತಿರಲಿಲ್ಲ ಎಂದೂ ಹೇಳಲು ಬರುವುದಿಲ್ಲ ಎಂದು. “ನಸೀಬ್ರಿ” ಅಂದ.

ಆಗ ಹೇಳಬಹುದಿತ್ತು. ನಾವಿಬ್ಬರೇ ಇದ್ದೆವು. ಬಾಯಿ ತೆರೆದೆ. ಬಂದದ್ದು, “ಚಹಾ ತಗೋತೀರೇನು?” ಕುಡಿದ. ನಮಸ್ಕಾರ ಮಾಡಿದ. ನನ್ನ ಕಾಲು ಮುಟ್ಟಲು ಬಗ್ಗಿದ — ಹಿಂದೆ ಸರಿದೆ. ದೊಡ್ಡತನ ಎಂದು ತಿಳಿದಿರಬೇಕು.

ಮೆಣಸಿನಕಾಯಿ ಮನೆಗೆ ಒಯ್ಯಲಿಲ್ಲ. ಆಯಾ ಮುತ್ತವ್ವಳಿಗೆ ಕೊಟ್ಟೆ. ಇಷ್ಟು ಒಳ್ಳೇ ಕಾಯಿ ಯಾರು ಕೊಟ್ಟರು ಎಂದು ಕೇಳಿದಳು.

೭ ಸೆಪ್ಟೆಂಬರ್, ಭಾನುವಾರ

ದುರುಗೇಶಣ್ಣನ ಮನೆಗೆ ಹೋದೆ. ಎರಡು ವಾರದಿಂದ ಅವನೂ ಈ ಕಡೆ ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂತು ಬೂಟು ಪಾಲಿಶ್ ಮಾಡುತ್ತಿದ್ದ. ಎಲ್ಲ ಹೇಳಿದೆ. ಫಾರ್ಮ್ಯಾಟ್, ಬಾಣದ ಗುರುತು, ಇಂಕಿನ ಸುಳ್ಳು. ನಿಲ್ಲಿಸದೆ ಹೇಳಿದೆ, ನಿಲ್ಲಿಸಿದರೆ ಆಗುವುದಿಲ್ಲ ಎಂದು.

ಬ್ರಶ್ ಕೆಳಗಿಟ್ಟ. ಅವನ ಹೆಂಡತಿ ದೇವವ್ವ ನೀರು ತಂದಿಟ್ಟು, ನಮ್ಮಿಬ್ಬರ ಮುಖ ನೋಡಿ ಒಳಗೆ ಹೋದಳು.

“ಫೈಲ್ ಹೋಗಿದ್ದಕ್ಕ ನನಗ ಸಿಟ್ಟಿಲ್ರಿ ಸರ. ಕೈತಪ್ಪು ಯಾರಿಗಿಲ್ಲ. ಆದ್ರ ಮೂರು ವಾರ… ಮೂರು ವಾರ ನನ್ನ ಬಸ್ಸು ದಿನಾ ನಿಮ್ಮ ಬಾಗಲ ಮುಂದ ಹಾದು ಹೋತು. ಒಂದು ಮಾತು ಅಂದಿದ್ರ, ಕುಂತು ಬರಸ್ತಿದ್ದೆ. ಎಲ್ಲಾರೂ ಇಲ್ಲದಿದ್ರೂ, ನೆಗೆಟಿವ್ ಮಂದೀನ್ನ ಬರಸ್ತಿದ್ದೆ.”

ದೇವವ್ವ ತಂದಿಟ್ಟ ನೀರು ಕುಡಿದು ಎದ್ದೆ.

ಹೊರಡುವಾಗ ಕೇಳಿದ, ಬ್ಯಾಡಗಿ ಮಂದಿಗೆ ಇದು ಗೊತ್ತೋ ಎಂದು. ಇಲ್ಲ ಅಂದೆ. ಮತ್ತೆ ಬ್ರಶ್ ಎತ್ತಿಕೊಂಡ.

೮ ಸೆಪ್ಟೆಂಬರ್

ಪುಷ್ಪಲತಾ ಕೇಳಿದಳು, ಅವನು ಬೈದನೇ ಎಂದು. ಇಲ್ಲ ಅಂದೆ. ನಾನೂ ಆವತ್ತೇ ಹೇಳಬೇಕಿತ್ತು, ನಿಮ್ಮ ಸುಳ್ಳಿಗೆ ಚಹಾ ಮಾಡಿಕೊಟ್ಟೆ, ಅಂದಳು. ಅವಳು ಅಳುವುದನ್ನು ನೋಡಿ ಬಹಳ ವರ್ಷವಾಗಿತ್ತು.

೧೯ ಅಕ್ಟೋಬರ್, ಭಾನುವಾರ

ಭಾನುವಾರಗಳೆಲ್ಲ ಹಳ್ಳಿಗೆ. ಹಿಂದೆ ಕ್ಯಾಂಪ್ ಆದ ಊರುಗಳಿಗೆ ಒಂದೊಂದಾಗಿ. ಶಾಲೆಯ ಮಾಸ್ತರರನ್ನು ಕೇಳುವುದು, ಅಂದು ಯಾರ್‍ಯಾರು ಬಂದಿದ್ದರು ಎಂದು. ಮನೆ ಮನೆಗೆ ಹೋಗುವುದು. ಐರಣಿಯಲ್ಲಿ ಒಬ್ಬ ಮುದುಕ ತಾನು ಆಗಲೇ ಬರೆಸಿದ್ದೇನಲ್ಲ ಎಂದು ರೇಗಿದ. ನಿಮ್ಮ ಹೆಸರನ್ನು ನಾನು ಕಳೆದೆ ಅಂದೆ. ಮೊದಲ ಸಲ ಒಬ್ಬ ಅಪರಿಚಿತನಿಗೆ ಹಾಗೆ ಹೇಳಿದ್ದು. “ಕಳದ್ರ ಮತ್ತ ಬರಕೋ” ಅಂದ. ಅಷ್ಟೇ ಸುಲಭ ಅವನಿಗೆ.

ದುರುಗೇಶಣ್ಣ ಚೀಟಿ ಕೊಡುವುದನ್ನು ಶುರು ಮಾಡಿದ್ದಾನೆ. ಮನೆಗೆ ಬರುವುದಿಲ್ಲ. ಬಸ್ ನಮ್ಮ ಬಾಗಿಲಿಗೆ ಬಂದಾಗ ಕಿಟಕಿಯಿಂದ ಕೊಡುತ್ತಾನೆ. ಎರಡು ಪ್ರತಿ ಬರೆದಿರುತ್ತಾನೆ, ಒಂದು ತಾನೇ ಇಟ್ಟುಕೊಳ್ಳುತ್ತಾನೆ. ಕೇಳುವ ಹಕ್ಕು ನನಗಿಲ್ಲ. ಒಳ್ಳೆಯದೇ ಆಯಿತು.

೩೧೮ ಹೆಸರು ಆಯಿತು. ಲ್ಯಾಪ್‌ಟಾಪಿನಲ್ಲಿ ಜಾಗ ಎಷ್ಟು ಉಳಿದಿದೆ ಎಂದು ನಾನು ನೋಡುವುದನ್ನು ಬಿಟ್ಟಿದ್ದೇನೆ.

೧೬ ನವೆಂಬರ್, ಭಾನುವಾರ

ಬ್ಯಾಡಗಿಗೆ ಹೋದೆ. ಎರಡು ಸಲ ದಾರಿಯ ಮೋಟೆಬೆನ್ನೂರಿನವರೆಗೆ ಹೋಗಿ ತಿರುಗಿ ಬಂದದ್ದನ್ನು ಇಲ್ಲಿ ಬರೆದಿರಲಿಲ್ಲ. ಇಂದು ಹೋದೆ.

ಸುನೀಲಕುಮಾರನ ಮನೆಯಲ್ಲಿ ಅವನೂ ಅವನ ಅತ್ತೆ ಉಡಚವ್ವಳೂ ಇದ್ದರು. ಮಗಳ ಕೂಸನ್ನು ನೋಡಿಕೊಳ್ಳಲು ಅವಳು ಇಲ್ಲೇ ಉಳಿದಿದ್ದಾಳೆ. ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ದೊಡ್ಡ ಹುಡುಗಿ, ಮೂರು ವರ್ಷದ್ದು, ಪಕ್ಕದಲ್ಲಿ ಕೂತು ಕೂಸಿನ ಕಾಲು ಹಿಡಿದಿತ್ತು. ರಕ್ತದ ಸರ್ ಬಂದಾರ ಎಂದು ಚಾಪೆ ಹಾಸಿದರು. ಉಡಚವ್ವ ಅವಲಕ್ಕಿ ಕಲಸಲು ಎದ್ದಳು. ಬೇಡ, ಕುಂದ್ರಿ ಅಂದೆ.

ಹೇಳಿದೆ. ಕಂಪ್ಯೂಟರಿನ ಮಾತು ಅವರಿಗೆ ಅರ್ಥವಾಗಲೆಂದು ಸರಳ ಮಾಡಿ ಹೇಳಿದೆ. ರಕ್ತ ಕೊಡುವವರ ಪಟ್ಟಿ ನನ್ನ ಹತ್ತಿರ ಇತ್ತು. ಯಂತ್ರದಲ್ಲಿ ಜಾಗ ಮಾಡಲು ಹೋಗಿ ಅಳಿಸಿದೆ. ಅಳಿಸಿದ್ದನ್ನು ಮುಚ್ಚಿಟ್ಟೆ. ಶ್ರೀದೇವಿಯ ಹೆಸರು ಅದರಲ್ಲಿತ್ತು. ಅವಳಿಗೆ ಹನ್ನೊಂದೂವರೆಗೇ ಫೋನ್ ಮಾಡಬಹುದಿತ್ತು.

ಸುನೀಲಕುಮಾರ ಗೋಡೆಗೆ ಒರಗಿ ಕೇಳಿಸಿಕೊಂಡ. ಕೇಳಿ ಮುಗಿದ ಮೇಲೆ ಒಂದೇ ಪ್ರಶ್ನೆ.

“ಯಾತಕ್ಕ ಬೇಕಿತ್ತರಿ ಆ ಜಾಗ?”

ಫೋಟೋಕ್ಕೆ ಅಂದೆ. ವಿಡಿಯೋಕ್ಕೆ. ನನ್ನ ಕಿವಿಗೇ ಆ ಮಾತು ಕೇಳಿಸಿತು. ಅವನು ಎದ್ದು ಹೊರಗೆ ಹೋದ. ಮೋಟರ್‌ಸೈಕಲ್ ಚಾಲೂ ಆದ ಸದ್ದು.

ಉಡಚವ್ವ ಕೂಸನ್ನು ಬಟ್ಟೆಯಲ್ಲಿ ಸುತ್ತಿದಳು. ಅಳಲಿಲ್ಲ, ಶಪಿಸಲಿಲ್ಲ.

“ನೀ ಹೇಳದಿದ್ರ ನಮಗ ಗೊತ್ತಾಗ್ತಿದ್ದಿಲ್ಲಪ್ಪಾ. ದೇವ್ರು ಒಯ್ದ ಅಂತ ಸುಮ್ಮನಿದ್ವಿ. ಈಗ ಹೆಂಗ ಸುಮ್ಮನಿರೂದು?” ಸ್ವಲ್ಪ ತಡೆದು, “ಹೋಗು. ಅವ ಬರೂದ್ರೊಳಗ ಹೋಗು.”

ಹೇಳಿದ್ದು ಅವರಿಗಾಗಿಯೋ, ನನ್ನ ಎದೆ ಹಗುರಾಗಲೆಂದೋ? ಬಸ್ಸಿನಲ್ಲಿ ಬರುತ್ತ ಅದೇ ಯೋಚನೆ. ಹಗುರವೂ ಆಗಿಲ್ಲ. ಅವರಿಗಿದ್ದ ಒಂದು ಸಮಾಧಾನವನ್ನೂ ನಾನೇ ಕಿತ್ತುಕೊಂಡು ಬಂದೆ.

೩೦ ನವೆಂಬರ್

ಎ ನೆಗೆಟಿವ್ ಬೇಕಾಗಿತ್ತು, ಹಾವೇರಿಗೆ. ಹತ್ತು ನಿಮಿಷದಲ್ಲಿ ಇಬ್ಬರು ಸಿಕ್ಕರು. ಎಲ್ಲರೂ ಖುಷಿಪಟ್ಟರು. ನಾನು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ.

೨೩ ಜನವರಿ ೨೦೦೯, ಶುಕ್ರವಾರ

ಮಧ್ಯಾಹ್ನ ಹನ್ನೆರಡರ ಸುಮಾರು. ಸ್ಲೈಡ್ ತೊಳೆಯುತ್ತಿದ್ದೆ. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಸುನೀಲಕುಮಾರ.

ಕೂದಲು ಬೆಳೆದಿದೆ. ತೆಳ್ಳಗಾಗಿದ್ದಾನೆ. ನಾನು ಕೈ ಒರೆಸಿಕೊಂಡು ನಿಂತೆ. ಹೊಡೆಯಲು ಬಂದಿದ್ದರೆ ಹೊಡೆಯಲಿ ಎಂದು ಖರೇ ಅನಿಸಿತು. ಅವನು ಬೆಂಚಿನ ಮೇಲೆ ಕೂರಲಿಲ್ಲ. ಸ್ಟೂಲಿನ ಮೇಲೆ ಕೂತು ಅಂಗಿಯ ತೋಳು ಮಡಚಿದ. ರಕ್ತ ಕೊಡಬೇಕು ಅಂದ.

ಬೆರಳು ಚುಚ್ಚಿದೆ. ಬಿ ಪಾಸಿಟಿವ್. ತೂಕ, ಬಿಪಿ, ಎಲ್ಲ ಸರಿ ಇತ್ತು. ಮಲಗಿದ. ಬ್ಯಾಗ್ ತುಂಬುವವರೆಗೂ ಮೇಲಿನ ಫ್ಯಾನನ್ನೇ ನೋಡುತ್ತಿದ್ದ. ನಾನು ಏನಾದರೂ ಕೇಳಬೇಕೆಂದು, ಕೂಸು ಹೇಗಿದೆ ಅಂದೆ. ಕುಂದ್ರಾಕತ್ತೈತಿ ಅಂದ. ಇಷ್ಟೇ ಮಾತು.

ಚಹಾ ಬೇಡ ಅಂದ. ಬಿಸ್ಕಿಟು ಬೇಡ ಅಂದ. ತೋಳು ಇಳಿಸಿಕೊಂಡು ಎದ್ದ ಮೇಲೆ, ಪಟ್ಟಿ ಈಗ ಎಲ್ಲೆಲ್ಲಿ ಇಟ್ಟೀರಿ ಎಂದು ಕೇಳಿದ. ತೋರಿಸಿದೆ — ದೊಡ್ಡ ರಿಜಿಸ್ಟರಿನಲ್ಲಿ ಒಂದು, ಲ್ಯಾಪ್‌ಟಾಪಿನಲ್ಲಿ ಒಂದು, ಸಿಡಿಯಲ್ಲಿ ಒಂದು, ದುರುಗೇಶಣ್ಣನ ಹತ್ತಿರ ಒಂದು. ರಿಜಿಸ್ಟರಿನ ಹಾಳೆಗಳನ್ನು ತಾನೇ ತಿರುವಿದ. ಓ ನೆಗೆಟಿವ್ ಪುಟ ಬಂದಾಗ ನಿಲ್ಲಿಸಿದ. ಏಳು ಹೆಸರು. ಒಂದೊಂದನ್ನೂ ಓದಿದ, ತುಟಿ ಅಲ್ಲಾಡುತ್ತಿತ್ತು.

ಆಮೇಲೆ ನನ್ನ ಕಡೆ ತಿರುಗಿದ.

“ಮಾಫ್ ಮಾಡೇನಿ ಅಂತ ತಿಳ್ಕೋಬ್ಯಾಡ್ರಿ. ಮಾಡಾಕ ಬರೂದಿಲ್ಲ ನನಗ. ನನ್ನ ಹೆಸರು ಬರ್ಕೋರಿ ಅಂತ ಹೇಳಾಕ ಬಂದೇನಿ.”

ಪೆನ್ನು ತೆಗೆದೆ. ಬಿ ಪಾಸಿಟಿವ್ ಪುಟ ತೆರೆದೆ. ನನಗೆ ಗೊತ್ತಿದ್ದದ್ದನ್ನೂ ಕೇಳಿ ಕೇಳಿ ಬರೆದೆ, ಅವನೂ ಹೇಳಿದ. ಸುನೀಲಕುಮಾರ. ಬ್ಯಾಡಗಿ. ವಯಸ್ಸು ಇಪ್ಪತ್ತೊಂಬತ್ತು. ಆ ಸಾಲಿನಲ್ಲಿ ಮುಂದಿನದು, ತುರ್ತು ಇದ್ದಾಗ ಮನೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬ ಕಾಲಂ. ಕೇಳಲು ತಲೆ ಎತ್ತಿದೆ. ಅವನು ಆ ಕಾಲಮ್ಮನ್ನೇ ನೋಡುತ್ತಿದ್ದ. ನಾನು ಕೇಳದೆ ಪೆನ್ನನ್ನು ಅವನ ಕಡೆ ಚಾಚಿದೆ; ಅವನು ಅದನ್ನು ತೆಗೆದುಕೊಂಡು ಅಲ್ಲಿ ತಾನೇ ಅತ್ತೆಯ ಹೆಸರು ಬರೆದ.